ಸಂಘಕ್ಕೆ ಸೇರಿದರೆ ಏನು ಸಿಗುತ್ತದೆ?

ಗ್ರಾಫಿಕ್ ಡಿಸೈನ್ ಕಲಿತು ಹೊಸದಾಗಿ ಕೆಲಸಕ್ಕಿಳಿದ ಹುಡುಗ ಹುಡುಗಿಯರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಡಿಸೈನರ್‌ಗಳ ಸಂಘ ಅಂತ ಇದೆಯಂತೆ, ಸೇರಬೇಕಾ? ಸೇರಿದರೆ ಏನು ಸಿಗುತ್ತದೆ?’ ಕೇಳುವವರ ಪರಿಸ್ಥಿತಿ ನನಗೆ ಚೆನ್ನಾಗಿ ಗೊತ್ತು. ಮನೆ ಬಾಡಿಗೆ, ಸಾಫ್ಟ್‌ವೇರ್ ಚಂದಾ, ಲ್ಯಾಪ್‌ಟಾಪಿನ ಕಂತು ಎಲ್ಲ ಕಟ್ಟಿ ಉಳಿದ ದುಡ್ಡಿನಲ್ಲಿ ಸದಸ್ಯತ್ವದ ಶುಲ್ಕವನ್ನೂ ಕಟ್ಟಬೇಕೆಂದರೆ ಯಾರೇ ಆದರೂ ಲೆಕ್ಕ ಹಾಕುತ್ತಾರೆ. ಕಚೇರಿಯ ಹಿರಿಯರು ಬೇರೆ, ‘ಒಳ್ಳೆ ಕೆಲಸ ಮಾಡಪ್ಪ, ಅಷ್ಟು ಸಾಕು, ಸಭೆ ಗಿಭೆ ಅಂತ ಹೊತ್ತು ಕಳೀಬೇಡ’ ಅನ್ನುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಈ ಪ್ರಶ್ನೆಗೆ ನ್ಯಾಯ ಸಿಗುವುದಿಲ್ಲ. ಹಾಗಾಗಿ ಒಬ್ಬ ವಿನ್ಯಾಸಕಾರರ ಬದುಕಿನ ಮೂಲಕ ಉತ್ತರಿಸಲು ನೋಡುತ್ತೇನೆ. ಸಂಘಗಳಿಗಾಗಿ ಇಷ್ಟು ಕಾಲ, ಇಷ್ಟು ಮನಸ್ಸಿಟ್ಟು ದುಡಿದವರು ನಮ್ಮ ವೃತ್ತಿಯಲ್ಲಿ ಹೆಚ್ಚು ಜನ ಇಲ್ಲ.

ಅವರ ಹೆಸರು ಎಫ್. ಎಚ್. ಕೆ. ಹೆನ್ರಿಯನ್. ಹೆಸರು ಕೇಳದಿದ್ದವರೂ ಅವರ ಕೆಲಸವನ್ನು ನೋಡಿರುವ ಸಾಧ್ಯತೆ ಇದೆ. ಡಚ್ ವಿಮಾನ ಸಂಸ್ಥೆ ಕೆಎಲ್‌ಎಂ 2019ರ ಕೊನೆಯಲ್ಲಿ ಬೆಂಗಳೂರಿಗೂ ಹಾರಾಟ ಶುರುಮಾಡಿತು. ಅದರ ಲಾಂಛನದಲ್ಲಿ ಮೂರು ಅಕ್ಷರಗಳ ಮೇಲೆ ಒಂದು ಕಿರೀಟವಿದೆ. ಅಡ್ಡಕ್ಕೆ ಒಂದು ಪಟ್ಟಿ, ಅದರ ಮೇಲೆ ನಾಲ್ಕು ದುಂಡು ಚುಕ್ಕೆ, ನಟ್ಟನಡುವೆ ಒಂದು ಶಿಲುಬೆ. ಅಷ್ಟೇ. 1961ರಲ್ಲಿ ಹೆನ್ರಿಯನ್ ಅದನ್ನು ಬರೆದರು. ಚಿತ್ರವನ್ನು ಮಸುಕು ಮಾಡಿ, ಓರೆ ಮಾಡಿ, ದೂರ ಇಟ್ಟು, ಆಗಲೂ ಕಿರೀಟವೆಂದು ಗುರುತು ಸಿಗುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಓಡುವ ವಿಮಾನದ ಮೇಲೆ, ಮಂಜಿನಲ್ಲಿ, ಓಡುವ ಕಣ್ಣಿಗೆ ಕಾಣಬೇಕಾದ ಗುರುತು ಅದು. ಅರವತ್ತು ವರ್ಷ ಕಳೆದರೂ ಆ ಕಿರೀಟ ಸವೆದಿಲ್ಲ. ಅದನ್ನು ತೆಗೆದು ಬೇರೆ ಹಾಕಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ.

ಈಗ ಆ ವರ್ಷವನ್ನು ಇನ್ನೊಮ್ಮೆ ನೋಡಿ. 1961. ಆಗ ಹೆನ್ರಿಯನ್ ಬ್ರಿಟನ್ನಿನ ವಿನ್ಯಾಸಕಾರರ ವೃತ್ತಿಸಂಘವಾದ ಸೊಸೈಟಿ ಆಫ್ ಇಂಡಸ್ಟ್ರಿಯಲ್ ಆರ್ಟಿಸ್ಟ್ಸ್‌ಗೆ ಅಧ್ಯಕ್ಷರು. 1960ರಿಂದ 62ರವರೆಗೆ ಆ ಹೊಣೆ ಹೊತ್ತಿದ್ದರು. ಅದು ಮುಗಿಯುತ್ತಿದ್ದಂತೆ 1963ರಿಂದ 66ರವರೆಗೆ ಅಲಯನ್ಸ್ ಗ್ರಾಫಿಕ್ ಇಂಟರ್‌ನ್ಯಾಷನಲ್, ಚಿಕ್ಕದಾಗಿ ಎಜಿಐ, ಅದರ ಅಧ್ಯಕ್ಷರು. 1968ರಿಂದ 70ರವರೆಗೆ ಗ್ರಾಫಿಕ್ ವಿನ್ಯಾಸ ಸಂಘಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಗ್ರಾಡಾದ ಅಧ್ಯಕ್ಷರು. ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ಹಿಡಿದ ಕೆಲಸವಲ್ಲ ಇದು. ಸ್ಟುಡಿಯೊ ತುಂಬ ಕೆಲಸವಿದ್ದ ದಶಕ ಅದು. ದೊಡ್ಡ ಕಂಪನಿಯೊಂದರ ಕಾಗದ, ವಾಹನ, ಫಲಕ, ಪೊಟ್ಟಣ ಎಲ್ಲವೂ ಒಂದೇ ಮನೆಯವು ಎಂದು ಕಾಣುವಂತೆ ಮಾಡುವ ವಿದ್ಯೆಯನ್ನು ಅವರು ರೂಪಿಸುತ್ತಿದ್ದ ಕಾಲ. 1967ರಲ್ಲಿ ಅಲನ್ ಪಾರ್ಕಿನ್ ಜೊತೆ ಸೇರಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇಂದು ಪ್ರತಿ ಏಜೆನ್ಸಿಯೂ ‘ಬ್ರ್ಯಾಂಡ್ ಗೈಡ್‌ಲೈನ್ಸ್’ ಎಂದು ಮಾರುವ ಪದ್ಧತಿಗೆ ಅಡಿಪಾಯ ಹಾಕಿದ ಪುಸ್ತಕಗಳಲ್ಲಿ ಅದೂ ಒಂದು.

ಇಷ್ಟು ಕೆಲಸವಿದ್ದವರು ಸಭೆಗಳಿಗೆ ಯಾಕೆ ಹೋದರು? ಇದಕ್ಕೆ ಅವರ ಹಿಂದಿನ ಬದುಕನ್ನು ಸ್ವಲ್ಪ ನೋಡಬೇಕು.

ಹೆನ್ರಿಯನ್ ಹುಟ್ಟಿದ್ದು 1914ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಹುಟ್ಟುಹೆಸರು ಹೈನ್ರಿಶ್ ಫ್ರಿಟ್ಸ್ ಕೋನ್. ಯಹೂದಿ ಮನೆತನ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಪೋಸ್ಟರ್ ಕಲೆಯ ದೊಡ್ಡ ಹೆಸರಾದ ಪಾಲ್ ಕೊಲಾಂ ಅವರ ಬಳಿ ಕಲಿತು, 1936ರ ಹೊತ್ತಿಗೆ ಲಂಡನ್ನಿಗೆ ಬಂದರು. ಯುದ್ಧ ಶುರುವಾದ ಮೇಲೆ ಅದೇ ಬ್ರಿಟನ್ ಅವರನ್ನು ಶತ್ರುದೇಶದವರೆಂದು ಬಂಧನ ಶಿಬಿರಕ್ಕೆ ಹಾಕಿತು. ಬಿಡುಗಡೆಯಾಗಿ ಬಂದವರು ಅದೇ ಸರ್ಕಾರದ ಮಾಹಿತಿ ಸಚಿವಾಲಯಕ್ಕೆ ಯುದ್ಧದ ಪೋಸ್ಟರ್ ಬರೆದರು. ಯುದ್ಧಕಾಲದ ಅವರ ಪೋಸ್ಟರುಗಳಲ್ಲಿ ಒಂದನ್ನು ನೋಡಿದವರು ಮರೆಯಲಾರರು. ಮಿತ್ರರಾಷ್ಟ್ರಗಳ ನಾಲ್ಕು ಕೈಗಳು ನಾಲ್ಕು ಕಡೆಯಿಂದ ಹಿಡಿದು ಸ್ವಸ್ತಿಕವನ್ನು ಹರಿದುಹಾಕುತ್ತಿರುವ ಚಿತ್ರ ಅದು. 1951ರ ಫೆಸ್ಟಿವಲ್ ಆಫ್ ಬ್ರಿಟನ್ ಪ್ರದರ್ಶನದ ಹೊತ್ತಿಗೆ ಕೃಷಿ ಮತ್ತು ನಿಸರ್ಗದ ಎರಡು ಮಂಟಪಗಳ ವಿನ್ಯಾಸ ಇವರದ್ದು. ಹೆಂಡತಿ ಡ್ಯಾಫ್ನಿ ಹಾರ್ಡಿ ಶಿಲ್ಪಿ. ಆರ್ಥರ್ ಕೋಸ್ಲರ್ ಅವರ ‘ಡಾರ್ಕ್‌ನೆಸ್ ಅಟ್ ನೂನ್’ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರೂ ಅವರೇ.

ಊರು, ಹೆಸರು, ಭಾಷೆ ಎಲ್ಲವನ್ನೂ ಒಮ್ಮೆ ಕಳೆದುಕೊಂಡು ಇನ್ನೊಂದು ನೆಲದಲ್ಲಿ ವೃತ್ತಿಯ ಬಲದಿಂದಲೇ ನೆಲೆನಿಂತವರಿಗೆ ಆ ವೃತ್ತಿಯೇ ಒಂದು ದೇಶವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ಹೆನ್ರಿಯನ್ ಹೇಳಿದ್ದಲ್ಲ. ಆದರೆ ಅಂತರರಾಷ್ಟ್ರೀಯ ಸಂಘಗಳನ್ನು ಕಟ್ಟಿದವರ ಪಟ್ಟಿ ನೋಡಿದರೆ ಈ ಊಹೆಗೆ ಬಲ ಬರುತ್ತದೆ. ಇಕೊಗ್ರಾಡಾದ ಮೊದಲ ಅಧ್ಯಕ್ಷ ವಿಲ್ಲಿ ಡಿ ಮಾಯೊ ಕೂಡ ವಿಯೆನ್ನಾದಲ್ಲಿ ಯುಗೊಸ್ಲಾವ್ ಮನೆತನದಲ್ಲಿ ಹುಟ್ಟಿ, ಬೆಲ್‌ಗ್ರೇಡ್‌ನಲ್ಲಿ ಕೆಲಸ ಆರಂಭಿಸಿ, ಲಂಡನ್ನಿನಲ್ಲಿ ನೆಲೆಸಿದವರು.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಹೆನ್ರಿಯನ್ ಮುನ್ನಡೆಸಿದ ಮೂರೂ ಸಂಸ್ಥೆಗಳನ್ನು ನಾವು ‘ಸಂಘ’ ಎಂದೇ ಕರೆಯುತ್ತೇವೆ, ಆದರೆ ಮೂರರ ಕೆಲಸವೂ ಬೇರೆ. ನನಗೆ ಪತ್ರ ಬರೆಯುವವರು ಗೊಂದಲ ಮಾಡಿಕೊಳ್ಳುವುದೂ ಇಲ್ಲಿಯೇ. 1930ರಲ್ಲಿ ಹುಟ್ಟಿದ ಸೊಸೈಟಿ ಒಂದು ದೇಶದ ವೃತ್ತಿನಿರತರ ಸಂಘ. ಅರ್ಹತೆ ನೋಡಿ ಸದಸ್ಯತ್ವ ಕೊಡುವುದು, ನಡವಳಿಕೆಯ ಸಂಹಿತೆ ಇಟ್ಟುಕೊಳ್ಳುವುದು, ಸರ್ಕಾರ ಮತ್ತು ಉದ್ಯಮದ ಜೊತೆ ಮಾತಾಡುವುದು ಅದರ ಕೆಲಸ. ಮುಂದೆ ಅದಕ್ಕೆ ರಾಯಲ್ ಚಾರ್ಟರ್ ಸಿಕ್ಕಿತು. ಇಂದು ಚಾರ್ಟರ್ಡ್ ಸೊಸೈಟಿ ಆಫ್ ಡಿಸೈನರ್ಸ್ ಎಂಬ ಹೆಸರಿನಲ್ಲಿದೆ. ಎಜಿಐ ಬೇರೆ ಜಾತಿಯದು. 1950ರ ದಶಕದ ಆರಂಭದಲ್ಲಿ ಇಬ್ಬರು ಸ್ವಿಸ್, ಮೂವರು ಫ್ರೆಂಚ್ ಕಲಾವಿದರು ಸೇರಿ ಪ್ಯಾರಿಸ್ಸಿನಲ್ಲಿ ಶುರುಮಾಡಿದ್ದು. ಅಲ್ಲಿಗೆ ಅರ್ಜಿ ಹಾಕಿ ಸೇರಲಾಗುವುದಿಲ್ಲ, ಇದ್ದವರು ಕರೆಯಬೇಕು. ಅದು ಗೆಳೆತನದ ಕೂಟ, ಗೌರವದ ಕೂಟ. ಇಕೊಗ್ರಾಡಾಗೆ ವ್ಯಕ್ತಿಗಳು ಸದಸ್ಯರೇ ಆಗಿರಲಿಲ್ಲ, ಬೇರೆ ಬೇರೆ ದೇಶಗಳ ಸಂಘಗಳು ಸದಸ್ಯರು. ಸಂಘಗಳ ಸಂಘ ಅನ್ನಬಹುದು. 1963ರ ಏಪ್ರಿಲ್ 27ರಂದು ಲಂಡನ್ನಿನಲ್ಲಿ ಅದು ಹುಟ್ಟಿದ ದಿನವನ್ನೇ ಈಗ ಅಂತರರಾಷ್ಟ್ರೀಯ ವಿನ್ಯಾಸ ದಿನವೆಂದು ಆಚರಿಸುತ್ತಾರೆ. ಅದರ ಈಗಿನ ಹೆಸರು ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ಡಿಸೈನ್.

ಹಾಗಾದರೆ ಇವೆಲ್ಲ ಸೇರಿ ಮಾಡಿದ್ದೇನು? ಬಹುಮಾನ ಕೊಡುವುದು, ಸಮ್ಮೇಳನ ನಡೆಸುವುದು ಎಲ್ಲರ ಕಣ್ಣಿಗೆ ಬೀಳುವ ಕೆಲಸ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನನಗೆ ಮುಖ್ಯವೆನಿಸುವುದು ಸ್ಪರ್ಧೆಗಳ ನಿಯಮ.

ನಮ್ಮಲ್ಲಿ ಲೋಗೊ ಬೇಕೆಂದಾಗ ಮೊದಲು ಹೊಳೆಯುವುದು ಸ್ಪರ್ಧೆ. ಇಲಾಖೆ, ವಿಶ್ವವಿದ್ಯಾಲಯ, ಉತ್ಸವ ಸಮಿತಿ, ಯಾರಿಗೇ ಆದರೂ. ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಅಂಥ ಸ್ಪರ್ಧೆಗಳಿಗೆ ಕಳಿಸಿದವನೇ. ಒಂದು ಸಂಸ್ಥೆಯ ಪ್ರಕಟಣೆಯಲ್ಲಿ, ‘ಬಂದ ಎಲ್ಲ ವಿನ್ಯಾಸಗಳ ಹಕ್ಕು ಸಂಸ್ಥೆಯದ್ದು’ ಎಂಬ ಸಾಲಿತ್ತು. ಗೆದ್ದವರದ್ದು ಮಾತ್ರವಲ್ಲ, ಬಂದದ್ದೆಲ್ಲ. ತೀರ್ಪುಗಾರರು ಯಾರೆಂದು ಬರೆದಿರಲಿಲ್ಲ. ಫಲಿತಾಂಶ ಯಾವತ್ತೂ ಬರಲಿಲ್ಲ. ನನ್ನ ಜೊತೆಗೆ ಕಳಿಸಿದ ಗೆಳತಿಯೊಬ್ಬಳ ಕಲ್ಪನೆಗೆ ತೀರಾ ಹತ್ತಿರವಿದ್ದ ಚಿಹ್ನೆಯೊಂದು ಮುಂದಿನ ವರ್ಷ ಆ ಸಂಸ್ಥೆಯ ಕಾಗದಪತ್ರಗಳ ಮೇಲೆ ಕಾಣಿಸಿತು. ಅವಳು ಯಾರ ಹತ್ತಿರ ಹೋಗಬೇಕಿತ್ತು? ವಕೀಲರ ಹತ್ತಿರ ಹೋಗಲು ಹಣವಿರಲಿಲ್ಲ, ಒಬ್ಬಳೇ ಪತ್ರ ಬರೆದರೆ ಉತ್ತರ ಬರುತ್ತಿರಲಿಲ್ಲ. ಬೇಸರಪಟ್ಟು ಸುಮ್ಮನಾದಳು.

ಇದೇ ಕಷ್ಟ ಯುರೋಪಿನವರಿಗೂ ಇತ್ತು. ಒಂದು ದೇಶದಲ್ಲಿ ಸ್ಪರ್ಧೆ ಕರೆದರೆ ಹತ್ತು ದೇಶದವರು ಕಳಿಸುತ್ತಿದ್ದರು. ಮೋಸವಾದರೆ ಕೇಳುವವರಿಲ್ಲ. ಇಕೊಗ್ರಾಡಾ ಕೂತು ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ನಿಯಮಾವಳಿ ಮಾಡಿತು. ತೀರ್ಪುಗಾರರ ಹೆಸರು ಮೊದಲೇ ಹೇಳಬೇಕು, ಅವರಲ್ಲಿ ಹೆಚ್ಚಿನವರು ವೃತ್ತಿನಿರತ ವಿನ್ಯಾಸಕಾರರಾಗಿರಬೇಕು. ಬಹುಮಾನ ಎಷ್ಟೆಂದು ಸ್ಪಷ್ಟವಾಗಿರಬೇಕು. ಕಳಿಸಿದವರ ಹಕ್ಕು ಕಳಿಸಿದವರಲ್ಲೇ ಉಳಿಯಬೇಕು, ಬಳಸಬೇಕಿದ್ದರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ನಿಯಮ ಪಾಲಿಸುವ ಸ್ಪರ್ಧೆಗೆ ಮಂಡಳಿ ತನ್ನ ಅನುಮೋದನೆ ಕೊಡುತ್ತದೆ. ಓದಿದರೆ ಇದೇನು ಮಹಾ ಅನ್ನಿಸಬಹುದು. ಆದರೆ ಒಂದೊಂದು ಸಾಲಿನ ಹಿಂದೆಯೂ ನನ್ನ ಗೆಳತಿಯಂಥ ಒಬ್ಬರಿದ್ದಾರೆ. ಭಾಷೆ ಬೇರೆ, ಕಾನೂನು ಬೇರೆ, ಸಂಬಳದ ಪದ್ಧತಿ ಬೇರೆ ಇರುವ ದೇಶಗಳ ಪ್ರತಿನಿಧಿಗಳನ್ನು ಒಂದೇ ವಾಕ್ಯಕ್ಕೆ ಒಪ್ಪಿಸುವುದು ಸುಲಭದ ಕೆಲಸವಲ್ಲ. ಅಂಥ ಸಭೆಗಳನ್ನು ನಡೆಸಲು ತಾಳ್ಮೆಯ ಜೊತೆಗೆ ವೃತ್ತಿಯಲ್ಲಿ ಹೆಸರೂ ಇರಬೇಕು. ಹೆನ್ರಿಯನ್ ಅವರಲ್ಲಿ ಎರಡೂ ಇದ್ದವು.

ದೇಶದ ಮಟ್ಟದಲ್ಲಿ ಈ ನಿಯಮಗಳು ನಮ್ಮಲ್ಲಿ ಇನ್ನೂ ಬೇರು ಬಿಟ್ಟಿಲ್ಲ. ರೂಪಾಯಿ ಚಿಹ್ನೆಗೆ 2009ರಲ್ಲಿ ಕೇಂದ್ರ ಸರ್ಕಾರ ಸ್ಪರ್ಧೆ ಕರೆದಾಗ ಭಾಗವಹಿಸುವವರೇ 500 ರೂಪಾಯಿ ಕಟ್ಟಬೇಕಿತ್ತು. ಬಂದ ವಿನ್ಯಾಸ ಮೂರು ಸಾವಿರಕ್ಕೂ ಮಿಕ್ಕಿ. 2010ರ ಜುಲೈನಲ್ಲಿ ಒಪ್ಪಿಗೆ ಪಡೆದ ಡಿ. ಉದಯ ಕುಮಾರ್ ಅವರ ಚಿಹ್ನೆ ಸೊಗಸಾಗಿದೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ದೇಶದ ಹಣದ ಗುರುತಿಗಾಗಿ ಸಾವಿರಾರು ಜನ ದುಡ್ಡು ಕೊಟ್ಟು ಪುಕ್ಕಟೆ ದುಡಿದರು ಎಂಬುದೂ ನಿಜ. ಆಯ್ದ ಕೆಲವರನ್ನು ಕರೆದು, ಅವರ ಕೆಲಸಕ್ಕೆ ಸಂಭಾವನೆ ಕೊಟ್ಟು, ಅವುಗಳಲ್ಲಿ ಒಂದನ್ನು ಆರಿಸುವ ಪದ್ಧತಿ ಜಗತ್ತಿನಲ್ಲಿ ಬಹಳ ಕಾಲದಿಂದ ಇದೆ. ಅದನ್ನು ಸರ್ಕಾರಕ್ಕೆ ಒತ್ತಿ ಹೇಳುವಷ್ಟು ದನಿ ನಮ್ಮ ಸಂಘಗಳಿಗೆ ಬರಬೇಕಿದೆ.

ಸಂಘದ ಕೆಲಸ ಬರೀ ತಮ್ಮವರ ಹಿತ ಕಾಯುವುದೇ ಎಂದು ಒಬ್ಬ ಓದುಗರು ಕೇಳಿದ್ದರು. ಅವರಿಗೆ ನಾನು ತೋರಿಸುವುದು ಶೌಚಾಲಯದ ಬಾಗಿಲ ಮೇಲಿನ ಗಂಡು ಹೆಣ್ಣಿನ ಚಿತ್ರವನ್ನು. ಅಮೆರಿಕದ ಗ್ರಾಫಿಕ್ ಕಲೆಯ ಸಂಘ ಎಐಜಿಎ 1914ರಷ್ಟು ಹಿಂದೆ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಎಪ್ಪತ್ತರ ದಶಕದಲ್ಲಿ ಆ ದೇಶದ ಸಾರಿಗೆ ಇಲಾಖೆ ಅದರ ಬಳಿ ಬಂತು. ವಿಮಾನ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಭಾಷೆ ಬಾರದವರಿಗೂ ದಾರಿ ತೋರುವ ಚಿಹ್ನೆಗಳು ಬೇಕಿದ್ದವು. ಸಂಘ ಒಂದು ಸಮಿತಿ ಮಾಡಿತು. ಥಾಮಸ್ ಗೈಸ್ಮರ್ ಅಧ್ಯಕ್ಷತೆ, ಮಾಸಿಮೊ ವಿನ್ಯೆಲ್ಲಿ, ಸೀಮೋರ್ ಕ್ವಾಸ್ಟ್ ಅಂಥವರು ಸದಸ್ಯರು. ಅವರು ಹೊಸದನ್ನು ಬರೆಯಲು ಕೂರಲಿಲ್ಲ. ಮೊದಲು ಜಗತ್ತಿನ ನಿಲ್ದಾಣಗಳು, ಒಲಿಂಪಿಕ್ಸ್‌ಗಳು ಬಳಸಿದ್ದ ಚಿಹ್ನೆಗಳನ್ನೆಲ್ಲ ತಂದು ಸಾಲಾಗಿ ಜೋಡಿಸಿ, ಒಂದೊಂದನ್ನೂ ಅಳೆದರು. ನೋಡಿದವರಿಗೆ ಅರ್ಥವಾಗುತ್ತದೆಯೇ, ಉಳಿದ ಚಿಹ್ನೆಗಳ ಜೊತೆ ಒಂದೇ ಕುಟುಂಬದ್ದೆಂದು ಕಾಣುತ್ತದೆಯೇ, ದೂರದಿಂದ, ಓರೆಯಿಂದ, ಮಬ್ಬು ಬೆಳಕಿನಲ್ಲಿ ಕಾಣುತ್ತದೆಯೇ ಎಂದು. ಆ ಶಿಫಾರಸಿನ ಮೇಲೆ ರೋಜರ್ ಕುಕ್ ಮತ್ತು ಡಾನ್ ಶಾನೊಸ್ಕಿ ಚಿತ್ರ ಬರೆದರು. 1974ರಲ್ಲಿ 34 ಚಿಹ್ನೆ, 1979ರಲ್ಲಿ ಇನ್ನು 16, ಒಟ್ಟು 50. ಇವುಗಳಿಗೆ ಹಕ್ಕುಸ್ವಾಮ್ಯವಿಲ್ಲ, ಯಾರು ಬೇಕಾದರೂ ಬಳಸಬಹುದು. ನಮ್ಮೂರಿನ ಆಸ್ಪತ್ರೆ, ಮಾಲ್, ನಿಲ್ದಾಣಗಳಲ್ಲಿ ಕಾಣುವ ದುಂಡು ತಲೆಯ ಆ ಮನುಷ್ಯರೂ ಇವರ ಮನೆತನದವರೇ. ಆ ಸಮಿತಿಯ ಹೆಸರುಗಳನ್ನು ಯಾವ ಬಾಗಿಲ ಮೇಲೂ ಬರೆದಿಲ್ಲ. ವೃತ್ತಿಸಂಘವೊಂದು ಸಮಾಜಕ್ಕೆ ಕೊಡಬಹುದಾದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ.

ಸಂಘಗಳ ಇನ್ನೊಂದು ಮುಖವನ್ನೂ ಹೇಳಬೇಕು. ಅವು ಬೇಗ ಮುದಿಯಾಗುತ್ತವೆ. ಪದಾಧಿಕಾರಿಗಳು ಬದಲಾಗದೆ ಉಳಿಯುತ್ತಾರೆ, ವರ್ಷದ ಊಟ ಮತ್ತು ಸನ್ಮಾನದಲ್ಲಿ ಕೆಲಸ ಮುಗಿಯುತ್ತದೆ. ಬ್ರಿಟನ್ನಿನ ಸೊಸೈಟಿಯ ವಿಷಯದಲ್ಲೂ ಎಳೆಯರಿಗೆ ಹಾಗೆ ಅನ್ನಿಸಿರಬೇಕು. ಹೆನ್ರಿಯನ್ ಅಧ್ಯಕ್ಷಗಿರಿ ಮುಗಿದ 1962ರಲ್ಲೇ ಅಲನ್ ಫ್ಲೆಚರ್, ಕಾಲಿನ್ ಫೋರ್ಬ್ಸ್ ಮುಂತಾದ ಹೊಸ ತಲೆಮಾರಿನವರು ಡಿ ಅಂಡ್ ಎಡಿ ಎಂಬ ಬೇರೆಯೇ ಸಂಘ ಕಟ್ಟಿಕೊಂಡರು. ಮರುವರ್ಷ ನವೆಂಬರ್ 29ರಂದು ಸೊಸೈಟಿಯ ಒಂದು ಸಭೆ ಲಂಡನ್ನಿನಲ್ಲಿ ನಡೆಯುತ್ತಿತ್ತು. ಸಭಿಕರ ನಡುವೆ ಕೂತಿದ್ದ ವಿನ್ಯಾಸಕಾರ ಕೆನ್ ಗಾರ್ಲೆಂಡ್ ಒಂದು ಹಾಳೆಯಲ್ಲಿ ಏನೋ ಗೀಚಿದರು. ಎದ್ದುನಿಂತು ಓದಲು ಅವಕಾಶ ಕೇಳಿದರು. ನಾವೆಲ್ಲ ನಮ್ಮ ಪ್ರತಿಭೆಯನ್ನು ಬೆಕ್ಕಿನ ಆಹಾರ, ಟೂತ್‌ಪೇಸ್ಟ್ ಮಾರಲು ಸುರಿಯುತ್ತಿದ್ದೇವೆ, ಅದು ಶಿಕ್ಷಣಕ್ಕೆ, ದಾರಿಸೂಚಿ ಫಲಕಕ್ಕೆ, ವಿಜ್ಞಾನಕ್ಕೆ, ಪುಸ್ತಕಗಳಿಗೆ ಹೆಚ್ಚು ಸಲ್ಲಬೇಕು ಎಂಬುದು ಅದರ ತಿರುಳು. 1964ರ ಜನವರಿಯಲ್ಲಿ 22 ಜನರ ಸಹಿಯೊಂದಿಗೆ 400 ಪ್ರತಿ ಅಚ್ಚಾದ ಆ ಪ್ರಣಾಳಿಕೆ, ‘ಫಸ್ಟ್ ಥಿಂಗ್ಸ್ ಫಸ್ಟ್’, ಇಂದಿಗೂ ಅನೇಕ ವಿನ್ಯಾಸ ಶಾಲೆಗಳಲ್ಲಿ ಓದಿಸಲ್ಪಡುತ್ತದೆ. ಸಂಘಗಳನ್ನು ದೂರುವವರು ಗಾರ್ಲೆಂಡರನ್ನು ಉದಾಹರಿಸುತ್ತಾರೆ. ನಾನು ಅದೇ ಘಟನೆಯನ್ನು ಸಂಘದ ಪರವಾಗಿ ಹೇಳುತ್ತೇನೆ. ಒಟ್ಟಿಗೆ ಕೂತು ಕೇಳುವ ಒಂದು ಕೋಣೆ ಇದ್ದದ್ದರಿಂದಲೇ ಆ ಮಾತು ಹುಟ್ಟಿತು, ಅಲ್ಲಿಯೇ ಅದಕ್ಕೆ ಸಹಿ ಹಾಕುವವರು ಸಿಕ್ಕರು. ಹೆನ್ರಿಯನ್ ಕೂಡ ಬರೀ ಕಂಪನಿಗಳ ಮನುಷ್ಯನಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅದೇ 1963ರಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿಗೆ ಅವರು ಮಾಡಿದ ಪೋಸ್ಟರಿನಲ್ಲಿ ಅಣುಬಾಂಬಿನ ಅಣಬೆ ಮೋಡದೊಳಗೆ ತಲೆಬುರುಡೆ ಮೂಡಿದೆ. ಒಂದು ಕೈಯಲ್ಲಿ ಕೆಎಲ್‌ಎಂ, ಇನ್ನೊಂದರಲ್ಲಿ ಅದು.

ಇನ್ನು ದುಡ್ಡಿನ ಮಾತು. ‘ಸಂಘ ಒಂದು ಕನಿಷ್ಠ ದರ ನಿಗದಿ ಮಾಡಲಿ, ಮುಖಪುಟಕ್ಕೆ ಇಷ್ಟು, ಲೋಗೊಗೆ ಇಷ್ಟು, ಅದಕ್ಕಿಂತ ಕಡಿಮೆಗೆ ಯಾರೂ ಮಾಡಬಾರದು’ ಎಂದು ಅನೇಕರು ಬರೆಯುತ್ತಾರೆ. ಆಸೆ ಸರಿ. ಆದರೆ ಸ್ಪರ್ಧಿಗಳೆಲ್ಲ ಸೇರಿ ದರ ಗೊತ್ತುಮಾಡುವುದು ನಮ್ಮ 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಸಂಘದ ಹೆಸರಿನಲ್ಲಿ ಮಾಡಿದರೂ ಅದು ತಪ್ಪೇ. ಅಮೆರಿಕದಲ್ಲೂ ಎಪ್ಪತ್ತರ ದಶಕದಲ್ಲಿ ವೃತ್ತಿಸಂಘಗಳ ದರಪಟ್ಟಿಗಳು ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಹಾಗಾಗಿ ಸಂಘದಿಂದ ದರ ನಿರೀಕ್ಷಿಸಬೇಡಿ. ನಿರೀಕ್ಷಿಸಬೇಕಾದ್ದು ಒಳ್ಳೆಯ ಕರಾರುಪತ್ರ. ಇದರ ಬೆಲೆ ನಮ್ಮ ಹುಡುಗರಿಗೆ ಗೊತ್ತಿಲ್ಲ ಎಂಬುದೇ ನನ್ನ ದೊಡ್ಡ ಕೊರಗು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ಬೇರೆಯವರಿಗೆ ಬರೆದುಕೊಡಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ ಎಂದು ನಮೂದಿಸದಿದ್ದರೆ ಐದು ವರ್ಷಕ್ಕೆ ಎಂದು, ಎಲ್ಲಿಗೆ ಎಂದು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆಯೇ ಹೇಳುತ್ತದೆ. ಕೆಲಸಕ್ಕಿದ್ದವರು ಸಂಬಳಕ್ಕೆ ಮಾಡಿದ್ದು ಸಾಮಾನ್ಯವಾಗಿ ಮಾಲೀಕರದ್ದು, ಆ ಮಾತು ಬೇರೆ. ಫ್ರೀಲಾನ್ಸ್ ಮಾಡುವವರು ಮಾತ್ರ ಇದನ್ನು ಬಾಯಿಪಾಠ ಮಾಡಿಕೊಂಡಿರಬೇಕು. ವಾಟ್ಸ್ಆ್ಯಪ್‌ನಲ್ಲಿ ‘ಓಕೆ ಸರ್, ಫೈನಲ್ ಫೈಲ್ ಕಳಿಸ್ತೀನಿ’ ಎಂದು ಮುಗಿಸುವ ವ್ಯವಹಾರದಲ್ಲಿ ಎಷ್ಟು ಬಾರಿ ತಿದ್ದುಪಡಿ, ಮುಂಗಡ ಎಷ್ಟು, ಕೆಲಸ ನಿಂತರೆ ಏನು, ಮೂಲ ಫೈಲ್ ಯಾರದ್ದು ಎಂಬುದು ಒಂದೂ ಇರುವುದಿಲ್ಲ.

ಒಂದು ಮಾದರಿ ಕರಾರುಪತ್ರ ತಯಾರಾಗುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬೆಂಗಳೂರಿನ ಕಾಲೇಜೊಂದರ ಖಾಲಿ ತರಗತಿಯಲ್ಲಿ ಶನಿವಾರ ಸಂಜೆ ಸೇರುತ್ತಿದ್ದೆವು. ಬರುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಅದರಲ್ಲಿ ಒಬ್ಬರಿಗೆ ದೊಡ್ಡ ಸ್ಟುಡಿಯೊ ಇತ್ತು, ಆ ಕರಾರಿನಿಂದ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಅವರ ವಕೀಲರು ಬೇರೆಯೇ ಬರೆದುಕೊಡುತ್ತಿದ್ದರು. ಆದರೂ ‘ತಿದ್ದುಪಡಿ’ಗೂ ‘ಹೊಸ ಕೆಲಸ’ಕ್ಕೂ ಗಡಿ ಎಲ್ಲಿ ಎಂಬ ಒಂದು ಕಲಮಿನ ಮೇಲೆ ಅವರು ವಾರಗಟ್ಟಲೆ ಪಟ್ಟು ಹಿಡಿದು ಕೂತರು. ಡಿಟಿಪಿ ಅಂಗಡಿಯಿಂದ ಬಂದ ಹುಡುಗನೊಬ್ಬ ಅವರ ಮಾತನ್ನು ತಡೆದು, ‘ಸರ್, ನಮ್ಮ ಗಿರಾಕಿ ಪಕ್ಕದಲ್ಲೇ ಕೂತು ತಿದ್ದಿಸ್ತಾರೆ, ಅದನ್ನ ಹೇಗೆ ಎಣಿಸ್ತೀರಿ?’ ಎಂದು ಕೇಳಿದ. ಕಲಮು ಬದಲಾಯಿತು. ಆ ಹಾಳೆಗಳನ್ನು ನಾನು ಇಂದಿಗೂ ನನ್ನ ಕೆಲಸಕ್ಕೆ ಬಳಸುತ್ತೇನೆ. ಹಿರಿಯರಿಗೂ ಹುಡುಗನಿಗೂ ಅದರಿಂದ ಒಂದು ರೂಪಾಯಿ ಬಂದಿಲ್ಲ.

ಹೆನ್ರಿಯನ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅಧ್ಯಕ್ಷ ಪದವಿಗಳು ಮುಗಿದ ಮೇಲಿನದ್ದು. ಎಪ್ಪತ್ತರ ದಶಕದಿಂದ ಲಂಡನ್ನಿನಲ್ಲಿ ಇಕೊಗ್ರಾಡಾ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ವಿಚಾರಸಂಕಿರಣಗಳನ್ನು ಶುರುಮಾಡಿ ವರ್ಷವರ್ಷವೂ ನಡೆಸಿದರು. ಯುರೋಪಿನ ದೊಡ್ಡ ವಿನ್ಯಾಸಕಾರರನ್ನು ಕರೆತಂದು, ಬೇರೆ ಬೇರೆ ದೇಶಗಳಿಂದ ಬಂದ ಹುಡುಗರ ಎದುರು ನಿಲ್ಲಿಸಿ ಮಾತಾಡಿಸುತ್ತಿದ್ದರು. ಇಂಟರ್ನೆಟ್ ಇಲ್ಲದ ಕಾಲ. ಪುಸ್ತಕದಲ್ಲಿ ಬೆರಳುಗುರುತಿನಷ್ಟು ಕಂಡ ಕೆಲಸವನ್ನು ಅದನ್ನು ಮಾಡಿದವರ ಬಾಯಿಂದಲೇ ಕೇಳುವುದೆಂದರೆ ಆ ವಿದ್ಯಾರ್ಥಿಗಳಿಗೆ ಏನಾಗಿರಬೇಡ! 1976ರಿಂದ ಕೆಲವು ವರ್ಷ ಲಂಡನ್ ಕಾಲೇಜ್ ಆಫ್ ಪ್ರಿಂಟಿಂಗ್‌ನಲ್ಲಿ ದೃಶ್ಯ ಸಂವಹನ ವಿಭಾಗದ ಮುಖ್ಯಸ್ಥರಾಗಿಯೂ ಇದ್ದರು. ಕೊನೆಗೆ, ಎಜಿಐ ಸದಸ್ಯರ ಮೂರು ದಶಕಕ್ಕೂ ಮಿಕ್ಕಿದ ಕೆಲಸವನ್ನು ಒಟ್ಟುಗೂಡಿಸಿ ಒಂದು ಬೃಹತ್ ಸಂಪುಟ ಸಂಪಾದಿಸಿದರು. ಅದು ಹೊರಬಂದದ್ದು 1989ರಲ್ಲಿ, ಅವರ ಎಪ್ಪತ್ತೈದನೆಯ ವಯಸ್ಸಿನಲ್ಲಿ. ಮರುವರ್ಷ ತೀರಿಕೊಂಡರು. ಅವರ ಕಾಗದಪತ್ರಗಳೂ ಇಕೊಗ್ರಾಡಾದ ದಾಖಲೆಗಳೂ ಈಗ ಬ್ರೈಟನ್ ವಿಶ್ವವಿದ್ಯಾಲಯದ ವಿನ್ಯಾಸ ಸಂಗ್ರಹದಲ್ಲಿ ಇವೆ. ಪೋಸ್ಟರುಗಳಂತೆಯೇ ಸಭೆಗಳ ನಡಾವಳಿಯನ್ನೂ ಜೋಪಾನ ಮಾಡಿದ್ದಾರೆ. ವೃತ್ತಿಯ ಚರಿತ್ರೆ ಬರೆಯುವವರಿಗೆ ಎರಡೂ ಬೇಕು.

ನಮ್ಮಲ್ಲಿ ಅಸೋಸಿಯೇಷನ್ ಆಫ್ ಡಿಸೈನರ್ಸ್ ಆಫ್ ಇಂಡಿಯಾ 2010ರಿಂದ ಇದೆ, ಬೆಂಗಳೂರಿನಲ್ಲಿ ಅದರ ಶಾಖೆಯೂ ಇದೆ. ಸೇರಬೇಕೆ ಎಂದು ಕೇಳಿದವರಿಗೆ ನನ್ನ ಉತ್ತರ: ಸೇರಿ. ಆದರೆ ಸೇರುವ ಮೊದಲು ಒಂದು ಸಭೆಗೆ ಹೋಗಿ ಕೂತು ನೋಡಿ. ಅಲ್ಲಿ ಯಾರು ಮಾತಾಡುತ್ತಾರೆ, ಯಾವುದರ ಬಗ್ಗೆ ಮಾತಾಡುತ್ತಾರೆ, ಹೊಸಬರು ಬಾಯಿ ತೆರೆದರೆ ಕೇಳಿಸಿಕೊಳ್ಳುತ್ತಾರೆಯೇ ಎಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ಮೊದಲ ವರ್ಷ ಉಪಸಮಿತಿಯೊಂದಕ್ಕೆ ಹೆಸರು ಕೊಡಿ. ಬರೀ ಶುಲ್ಕ ಕಟ್ಟಿ ಕಾರ್ಡ್ ಇಟ್ಟುಕೊಂಡವರೇ ಆಮೇಲೆ ಏನೂ ಸಿಗಲಿಲ್ಲ ಎಂದು ಬರೆಯುವುದು. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯಲ್ಲಿ ಇರುವವರು ‘ಎಲ್ಲ ಬೆಂಗಳೂರಿನಲ್ಲೇ’ ಎಂದು ದೂರುತ್ತಾರೆ. ಆ ದೂರು ನ್ಯಾಯವಾದದ್ದು. ನಿಮ್ಮೂರಲ್ಲೇ ಹತ್ತು ಜನ ಸೇರಿ ತಿಂಗಳಿಗೊಮ್ಮೆ ಕೂತರೆ ಅದಕ್ಕೆ ಯಾರ ಅನುಮತಿಯೂ ಬೇಡ. ಎಜಿಐ ಶುರುವಾದಾಗ ಇದ್ದವರು ಐದೇ ಜನ.

ಕರ್ನಾಟಕದ ವಿನ್ಯಾಸಕಾರರು ಒಟ್ಟಿಗೆ ಕೂತರೆ ಮೊದಲು ಹಿಡಿಯಬೇಕಾದ ಕೆಲಸ ಯಾವುದು ಎಂಬುದರ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯವಿದೆ. 2024ರ ತಿದ್ದುಪಡಿಯಿಂದ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾಯ್ದೆ ಬಂದಿದೆ. ಜಾಗ ಎಷ್ಟೆಂದು ಕಾಯ್ದೆ ಹೇಳಿತು. ಆ ಜಾಗದಲ್ಲಿ ಒತ್ತಕ್ಷರ ಎಲ್ಲಿ ಕೂರಬೇಕು, ಸಾಲುಗಳ ನಡುವೆ ಎಷ್ಟು ಅಂತರವಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುವುದಿಲ್ಲ, ರಸ್ತೆಯ ಆಚೆ ಬದಿಯಿಂದ ಓದಲು ಅಕ್ಷರ ಎಷ್ಟು ಎತ್ತರವಿರಬೇಕು ಎಂಬುದನ್ನು ಹೇಳಬೇಕಾದವರು ವಿನ್ಯಾಸಕಾರರು. ಕನ್ನಡವನ್ನು ಅಡ್ಡಡ್ಡಕ್ಕೆ ಎಳೆದು, ಉದ್ದುದ್ದಕ್ಕೆ ಹಿಗ್ಗಿಸಿ ಶೇಕಡಾ ತುಂಬಿಸಿದ ಫಲಕಗಳನ್ನು ನಾವು ದಿನವೂ ನೋಡುತ್ತಿದ್ದೇವೆ. ಫಲಕ ಬರೆಯುವ ಫ್ಲೆಕ್ಸ್ ಅಂಗಡಿಯವರಿಗೆ ಅರ್ಥವಾಗುವಂತೆ, ನಾ ಕಂಡಂತೆ ನಾಲ್ಕು ಪುಟದ ಒಂದು ಕೈಪಿಡಿ ಸಾಕು. ಒಳ್ಳೆಯ ಕನ್ನಡ ಫಾಂಟ್‌ಗಳ ಪಟ್ಟಿ, ಸರಿಯಾದ ಅಳತೆಗಳು, ತಪ್ಪು ಮತ್ತು ಸರಿಯ ಒಂದೊಂದು ಚಿತ್ರ. ಅದನ್ನು ಆ ಐವತ್ತು ಚಿಹ್ನೆಗಳಂತೆ ಯಾರು ಬೇಕಾದರೂ ಬಳಸಲು ಬಿಟ್ಟುಬಿಡಬೇಕು. ಒಬ್ಬ ವಿನ್ಯಾಸಕಾರ ಇದನ್ನು ಮಾಡಿದರೆ ಅವನ ಅಭಿಪ್ರಾಯವಾಗುತ್ತದೆ, ಸಂಘ ಮಾಡಿದರೆ ಪಾಲಿಕೆಯ ಕಚೇರಿಯಲ್ಲಿ ಅದನ್ನು ಮೇಜಿನ ಮೇಲಿಟ್ಟು ಮಾತಾಡಬಹುದು. ಈ ನಾಲ್ಕು ಪುಟಕ್ಕೆ ಕೂರಲು ಸಿದ್ಧವಿರುವವರು ಈ ಅಂಕಣದ ವಿಳಾಸಕ್ಕೆ ಬರೆಯಿರಿ. ಅಕ್ಷರದ ಅಳತೆಗಳ ಬಗ್ಗೆ ನನ್ನ ಟಿಪ್ಪಣಿಗಳು ಸಿದ್ಧವಿವೆ, ಒತ್ತಕ್ಷರದ ಅಂತರದ ಬಗ್ಗೆ ಜಗಳ ಆಡುವವರು ಬೇಕಾಗಿದ್ದಾರೆ.